ಮಗಳಿಗೆ ಎಂಥಾ ರೇಟು?

ಗದಗಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಒಂದು ಸಲ ಬಂದರೆ ಮುನ್ನೂರು ರೂಪಾಯಿ ಅವಳ ರೇಟು.

ಒಮ್ಮೆ ನಿವೃತ್ತ ತಹಶೀಲ್ದಾರ ಶೀಗಿಹಳ್ಳಿ ಸಾಹೇಬರ ಕಂಪ್ಯೂಟರ್ ಸರಿಮಾಡಿದಳು. ಸಾಹೇಬರು ಕಿಸೆಗೆ ಕೈ ಹಾಕಲಿಲ್ಲ, ಮೀಸೆ ತಿರುವಿದರು.

"ನೀ ನಮ್ಮ ಮಗಳಿದ್ದಂಗ. ಮಗಳಿಗೆ ಎಂಥಾ ರೇಟು? ಚಾ ಕುಡದು ಹೋಗು."

ಆ ವಾರವೆಲ್ಲ ಹೀಗೆ ಒಬ್ಬರಿಗೆ ತಂಗಿಯಾಗಿ, ಇನ್ನೊಬ್ಬರಿಗೆ ಸೊಸೆಯಾಗಿ ಬರಿಗೈಲೇ ಮನೆಗೆ ಹೋಗಿದ್ದಳು. ಅವಳು ಚಾ ಕುಡಿದು ನೆಲದ ಮೇಲೆ ಸೆರಗೊಡ್ಡಿ ಕುಳಿತಳು.

"ಆತು ಅಪ್ಪಾರ, ರೇಟು ಬ್ಯಾಡ. ತವರಿಗೆ ಬಂದ ಮಗಳನ್ನ ಉಡಿ ತುಂಬಿ ಕಳಸ್ರಿ."

ಸಾಹೇಬರ ಹೆಂಡತಿ ನೀಲಗಂಗವ್ವ ಅಕ್ಕಿ ತಂದರು, ಕುಬಸದ ಖಣ ತಂದರು. ಟ್ರಂಕಿನಿಂದ ಹೊಸ ಇಳಕಲ್ ಸೀರೆಯನ್ನೂ ತೆಗೆದರು. ಸಾಹೇಬರ ಮೀಸೆ ಇಳಿಯಿತು.

"ಏ, ತಡಿ! ಆಕಿ ಹೊರಗಿನಾಕಿ! ತಗೋವಾ, ಮುನ್ನೂರು!"

ಅವಳು ನಗುತ್ತ ರೊಕ್ಕ ತಗೊಂಡು ಎದ್ದಳು. ನೀಲಗಂಗವ್ವ ಕೈ ಬಿಡಲಿಲ್ಲ.

"ಬರೇ ಗಂಡುಮಕ್ಕಳನ್ನ ಹಡದಾಕಿ ನಾನು. ಈ ಮನ್ಯಾಗ ಒಬ್ಬ ಮಗಳಿಗೂ ಉಡಿ ತುಂಬಿಲ್ಲ. ಕೂಡವಾ."

ಸಾಹೇಬರು ಹೆಂಡತಿಯ ಕಣ್ಣು ನೋಡಿದರು. ಒಳಗೆ ಹೋಗಿ ತೆಂಗಿನಕಾಯಿ ತಾವೇ ತಂದುಕೊಟ್ಟರು.

ಅವಳು ಹೋದ ಮೇಲೆ ನೋಡಿದರೆ ಚಾ ಕಪ್ಪಿನ ಕೆಳಗೆ ಮುನ್ನೂರು ರೂಪಾಯಿ ಹಾಗೇ ಇತ್ತು.

ಮುಂದಿನ ವಾರ ಸಾಹೇಬರ ಫೋನು ಬಂತು.

"ಕಂಪ್ಯೂಟರ್ ಚಲೋ ನಡದೈತಿ. ನೀ ಯಾವಾಗ ಬರ್ತೀ ಯವ್ವಾ?"