ಊಟ ಆಯ್ತಾ ಎಂದು ಕೇಳಿ ನಿಂತವನ ಕಥೆ

ಬೇಲಿಗೂ ಬಾಯಿ ಇದ್ದ ಕಾಲದಲ್ಲಿ ಒಂದು ಊರು, ಆ ಊರಿಗೊಬ್ಬ ಪಾಳೇಗಾರ. ಸುತ್ತ ಗೋಡೆಯಿಲ್ಲದ ಊರು. ಚಿರತೆ ಬಂದು ದಿನಕ್ಕೊಂದು ಕರು, ದಿನಕ್ಕೊಂದು ಮೇಕೆ ಎತ್ತಿಕೊಂಡು ಹೋಗುತ್ತಿತ್ತಂತೆ. ಪಾಳೇಗಾರ, "ಇಪ್ಪತ್ತೊಂದು ಮೊಳದ ಮಣ್ಣಿನ ಗೋಡೆ ಏಳಲಿ" ಅಂದನಂತೆ.

ಕೆಲಸದ ಪಾರುಪತ್ತೇಗಾರ ಕಾಳಿಂಗಯ್ಯ. ಅವನು ಕೂಗಿದವನಲ್ಲ, ಹೊಗಳಿದವನೂ ಅಲ್ಲ. ಹೊತ್ತು ನೆತ್ತಿಗೆ ಬಂದಾಗ ಗೋಡೆಯ ಸುತ್ತ ನಡೆದು, ಒಬ್ಬೊಬ್ಬರನ್ನೂ "ಊಟ ಆಯ್ತಾ?" ಎಂದು ಕೇಳುವನು. ಅಷ್ಟೇ. ಗೋಡೆ ದಿನಕ್ಕೊಂದು ಗೇಣು ಏಳುತ್ತಿತ್ತಂತೆ.

ಗೋಡೆ ಅರ್ಧ ಆಗುವ ಹೊತ್ತಿಗೆ ಕಾಳಿಂಗಯ್ಯನ ಕಣ್ಣು ಮಬ್ಬಾಯಿತು. ಅವನ ಜಾಗಕ್ಕೆ ಅಳಿಯ ವಿರುಪಣ್ಣ ಬಂದ. ದೂರದ ಪಟ್ಟಣದಲ್ಲಿ ಓದಿದವನು, ಎಲ್ಲವೂ ನೂಲು ಹಿಡಿದಂತೆ ನೆಟ್ಟಗಿರಬೇಕು ಎನ್ನುವವನು. ಬಂದವನೇ ಚೆಲ್ಲಾಪಿಲ್ಲಿ ನಿಂತಿದ್ದ ಆಳುಗಳನ್ನು ಉದ್ದದವರ ಪಕ್ಕ ಉದ್ದದವರು, ಗಿಡ್ಡದವರ ಪಕ್ಕ ಗಿಡ್ಡದವರು ಎಂದು ಸಾಲಾಗಿ ನಿಲ್ಲಿಸಿದ. "ಊಟದ ಮಾತು ಊಟದ ಹೊತ್ತಿಗೆ" ಎಂದು ಆ ಕೇಳುವುದನ್ನೂ ನಿಲ್ಲಿಸಿದ.

ಗೋಡೆ ದಿನಕ್ಕೆ ನಾಲ್ಕೇ ಬೆರಳು ಎದ್ದಿತು.

ಕೂಲಿಗೆ ಒಂದು ಸೇರು ರಾಗಿಯ ಜಾಗದಲ್ಲಿ ಎರಡು ಸೇರು ಕೊಟ್ಟ. ಮೊದಲ ದಿನ ಒಂದು ಗೇಣು, ಎರಡನೆಯ ದಿನ ನಾಲ್ಕು ಬೆರಳು, ಮೂರನೆಯ ದಿನ ಎರಡು ಬೆರಳು. ಚಾವಟಿ ತರಿಸಿದ. ಗೋಡೆ ಗೇಣುದ್ದ ಎದ್ದಿತು, ಬೆಳಗಾಗುವುದರಲ್ಲಿ ಬಿರುಕು ಬಿಟ್ಟಿತು. ಮಣ್ಣನ್ನು ಯಾರೂ ಸರಿಯಾಗಿ ತುಳಿದಿರಲಿಲ್ಲವಂತೆ.

ಪಾಳೇಗಾರ ಕರೆಸಿದ. "ಯುಗಾದಿಗೆ ಗೋಡೆ ಮುಗಿಯದಿದ್ದರೆ ನಿನ್ನ ಒಂದು ಕಡೆ ಮೀಸೆ ಬೋಳಿಸಿ ಕತ್ತೆ ಮೇಲೆ ಕೂರಿಸ್ತೀನಿ. ಯಾವ ಕಡೆಯದು ಅಂತ ನೀನೇ ಹೇಳಿಬಿಡು!"

ವಿರುಪಣ್ಣ ಮೀಸೆ ಹಿಡಿದುಕೊಂಡೇ ಮಾವನ ಮನೆಗೆ ಓಡಿದ.

"ಮಾವ, ಅವರಿಗೆ ಏನು ಮಂತ್ರ ಹಾಕಿದ್ರಿ?"

"ಮಂತ್ರವೆಲ್ಲಿಯದು ಅಳಿಯಂದಿರೇ? ಊಟ ಆಯ್ತಾ ಅಂತ ಕೇಳ್ತಿದ್ದೆ."

"ಇಷ್ಟೇನಾ!" ಎಂದು ಮರುದಿನ ಮಧ್ಯಾಹ್ನ ಹೊರಟ. "ಊಟ ಆಯ್ತಾ? ಸಂತೋಷ. ಊಟ ಆಯ್ತಾ? ಸಂತೋಷ." ಮಣ್ಣು ತುಳಿಯುವ ಗಿಡ್ಡವ್ವ ಮುದುಕಿ, "ಇಲ್ಲ ಬುದ್ಧಿ" ಅಂದಳು. "ಸಂತೋಷ" ಎಂದು ಮುಂದೆ ಹೋದ.

ಮುದುಕಿ ಸೊಂಟಕ್ಕೆ ಕೈಯಿಟ್ಟು ಕೂಗಿದಳಂತೆ. "ಕೇಳಿದ್ರೇನ್ರೋ! ನಾನು ಉಪವಾಸ ಇದ್ರೆ ಬುದ್ಧಿಯವರಿಗೆ ಸಂತೋಷವಂತೆ! ನಾಳೆ ಸತ್ತೆ ಅಂದ್ರೆ ಹೋಳಿಗೆ ಹಾಕಿಸ್ತಾರೆ!"

ಗೋಡೆಯ ಸುತ್ತ ನಗೆ ಎದ್ದಿತು. ವಿರುಪಣ್ಣನ ಮುಖ ಕೆಂಪಾಯಿತು. ಆದರೂ ತಪ್ಪನ್ನು ತಪ್ಪು ಎನ್ನುವಷ್ಟು ನೇರ ಅವನು. ಹಿಂದಕ್ಕೆ ಬಂದ, ಮಣ್ಣಿನ ಗುಡ್ಡೆಯ ಮೇಲೆ ಕೂತ.

"ಯಾಕವ್ವ ಉಂಡಿಲ್ಲ?"

"ಉಣ್ಣೋ ಹೊತ್ತಲ್ಲಿ ಮೂಡಲ ಕಡೆ ಇರೋ ಮನೆಗೆ ಓಡಿ ಹೋಗಿ ಬರ್ತೀನಿ, ಬುದ್ಧಿ. ಅಲ್ಲಿ ಮೊಮ್ಮಗಳು ಒಬ್ಬಳೇ. ಹಿಂದೆ ಚಿರತೆ ನನ್ನ ಮೇಕೆ ಎತ್ತಿದ್ದು ಆ ಮೂಡಲ ಕಡೆಯಿಂದಲೇ. ಕಾಳಿಂಗಯ್ಯನವರು ನನ್ನ ಬಾಗಿಲ ಎದುರಿಗೇ ತುಳಿಯೋಕೆ ಬಿಟ್ಟಿದ್ರು. ನೀವು ಗಿಡ್ಡದವರ ಸಾಲು ಅಂತ ಪಡುವಲಿಗೆ ತಂದು ನಿಲ್ಲಿಸಿದ್ರಿ. ಯಾರದೋ ಬಾಗಿಲ ಮುಂದೆ ನನ್ನ ಕಾಲು ಏಳ್ತದಾ?"

ವಿರುಪಣ್ಣ ಎದ್ದ. ಮುಂದಿನವನನ್ನು ಕೇಳಿದ, ಉತ್ತರ ಬರುವವರೆಗೆ ನಿಂತ. ಕುಂಬಾರ ಸಿದ್ದನಿಗೆ ತಾನು ಮಡಕೆ ಸುಡುವ ಆವಿಗೆ ಕಣ್ಣಿಗೆ ಬೀಳಬೇಕು. ತುಂಟ ಹುಡುಗ ಬಸ್ತಿಗನಿಗೆ ನೀರು ಹೊರುವ ಹೊನ್ನಿ ಬರುವ ದಾರಿಯೇ ಆಗಬೇಕು. "ಅದನ್ನೂ ಮಾವ ಬಲ್ಲವರಾಗಿದ್ದರೋ?" ಎಂದು ವಿರುಪಣ್ಣ ಕೇಳಿದರೆ, "ಹೊನ್ನಿಗೆ ಸಣ್ಣ ಬಿಂದಿಗೆ ಕೊಡಿಸಿದವರೇ ಅವರು, ಹತ್ತು ಸಲ ಬರಲಿ ಅಂತ" ಎಂದನಂತೆ ಬಸ್ತಿಗ.

ಮೂರು ಮಧ್ಯಾಹ್ನ ಕೇಳಿದ. ನಾಲ್ಕನೆಯ ದಿನ ಎಲ್ಲರನ್ನೂ ಅವರವರ ಹಳೆಯ ಜಾಗಕ್ಕೆ ಕಳಿಸಿದ. ಸಾಲು ಸೊಟ್ಟಗಾಯಿತು, ಗೋಡೆ ನೆಟ್ಟಗೆದ್ದಿತು. ದಿನಕ್ಕೊಂದು ಗೇಣು, ಕೊನೆಕೊನೆಗೆ ಒಂದು ಮೊಳ. ಯುಗಾದಿಯ ಹಿಂದಿನ ಸಂಜೆ ಗಿಡ್ಡವ್ವ ಕೊನೆಯ ಮಣ್ಣಿನ ಮುದ್ದೆ ಇಟ್ಟು, "ಮೀಸೆ ಉಳೀತು ಬುದ್ಧಿ, ಎಣ್ಣೆ ಹಚ್ಚಿಕೊಳ್ಳಿ" ಅಂದಳಂತೆ.

ಪಾಳೇಗಾರ ಕೇಳಿದ, "ಏನು ಕೊಟ್ಟೆಯಪ್ಪ ಅವರಿಗೆ?"

"ಏನೂ ಕೊಡಲಿಲ್ಲ ದೊರೆ. ಕೇಳಿದೆ. ಕೇಳಿ, ನಿಂತೆ."

ಆ ಗೋಡೆ ಈಗ ಸೀಗೆ ಬೆಳೆದ ದಿಬ್ಬ. ನಮ್ಮ ಕಡೆ ಇಂದಿಗೂ ಎದುರು ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳುತ್ತಾರೆ. ನಿಲ್ಲುವವರು ಅಪರೂಪ.

ಗೋಡೆ ಮಳೆಗೆ ಕರಗಿತು, ಮಾತು ನಮ್ಮ ಪಾಲಿಗೆ ಉಳಿಯಿತು. ಕೇಳಿದವರ ಹೊಟ್ಟೆ ತಣ್ಣಗಿರಲಿ, ಹೇಳಿದವನಿಗೆ ಒಂದು ಚೆಂಬು ನೀರು ಸಿಗಲಿ.