ಕಣ್ಣುಗುಡ್ಡ

ನಮ್ಮೂರಿನ ಪಡುವಣಕ್ಕಿರುವ ಕೆಂಪು ಗುಡ್ಡಕ್ಕೆ ಕಣ್ಣುಗುಡ್ಡವೆಂದು ಹೆಸರು. ಊರಿಗೆ ಮುಖಮಾಡಿದ ಬಂಡೆಯ ಮೇಲೆ ಸುಣ್ಣ ಬಳಿದು ಕಾಡಿಗೆಯಿಟ್ಟ ಎರಡು ದೊಡ್ಡ ಕಣ್ಣುಗಳಿವೆ. ಬಸ್ಸಿಳಿದ ಹೊಸಬರು ಯಾವುದೋ ಚುನಾವಣೆಯ ಗುರುತೆಂದು ತಿಳಿಯುತ್ತಾರೆ. ಪಾಪ, ಅವರಿಗೆ ಹೇಳುವವರಾದರೂ ಯಾರು?

ಹಿಂದೆ ಒಮ್ಮೆ ಇಲ್ಲಿನ ಪಾಳೆಯಗಾರ ಗಾದಿಲಿಂಗನಾಯಕನಿಗೆ ಈ ಗುಡ್ಡವನ್ನೇ ಒಡೆಸಿ ಕಲ್ಲಿನ ಕೋಟೆ ಕಟ್ಟಿಸುವ ಹುಚ್ಚು ಹಿಡಿಯಿತಂತೆ. ಅವನ ತಾಯಿ ತಿಪ್ಪವ್ವ ದಿನಾ ಎದ್ದು ನೋಡುತ್ತಿದ್ದುದು ಆ ಗುಡ್ಡವನ್ನೇ. ಅದಿಲ್ಲದೆ ಬಾಯಿಗೆ ನೀರೂ ಹಾಕೆನೆಂದು ಹಟ ಹಿಡಿದಳು. 'ಗುಡ್ಡ ತಾನೇ? ನಿನ್ನ ಕೋಣೆಯ ಗೋಡೆ ಮೇಲೇ ಬರೆಸಿಕೊಡ್ತೀನಿ' ಎಂದ ನಾಯಕ, ಚಿತ್ರಗಾರ ನಾಗೋಜನಿಗೆ ಹೇಳಿಕಳುಹಿಸಿದ. ಚಿತ್ರ ಮುಗಿದ ಮರುದಿನವೇ ಕಲ್ಲುಕುಟಿಗರು ಉಳಿ ಹಚ್ಚಬೇಕೆಂದು ಅಪ್ಪಣೆಯಾಯಿತು.

ನಾಗೋಜ ಮೂವತ್ತು ವರ್ಷ ದೇವರ ಮೂರ್ತಿಗಳಿಗೆ ಬಣ್ಣ ಹಾಕಿದವನು. ಮೂಗೆಷ್ಟು, ಭುಜವೆಷ್ಟು, ಎಲ್ಲಕ್ಕೂ ಅಳತೆಯುಂಟು; ಗುಡ್ಡಕ್ಕೆ ಯಾವ ಅಳತೆ? ದಾರಿ ಕಾಣದೆ ಅದರೆದುರು ಹೋಗಿ ಕುಳಿತ. ಬೆಳಗಿಗೆ ಕುಂಕುಮ, ಮಧ್ಯಾಹ್ನಕ್ಕೆ ಬೂದಿ, ಸಂಜೆಗೆ ನೇರಳೆ. ಗುಡ್ಡ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರಲಿಲ್ಲ. 'ಅಯ್ಯೋ, ಇಷ್ಟು ಕಾಲ ಇದರ ಮಣ್ಣು ಅರೆದೇ ಬಣ್ಣ ಮಾಡಿದೆ, ಒಂದಿನಾ ತಲೆಯೆತ್ತಿ ನೋಡಲಿಲ್ಲವಲ್ಲ!' ಎಂದು ಕಣ್ಣೀರಿಟ್ಟನಂತೆ. ತಾನು ಮುಗಿಸಿದರೆ ಗುಡ್ಡವೂ ಮುಗಿಯಿತೆಂದು ತಿಂಗಳುಗಟ್ಟಲೆ ಎಳೆದ. ಕೊನೆಗೆ ನಾಯಕ ಕತ್ತಿ ತೋರಿಸಿದಾಗ, ದುಃಖದಲ್ಲಿಯೇ ಕೊನೆಯ ಪೊದೆಯನ್ನೂ ಬರೆದು ಮುಗಿಸಿದ. ಆದರೆ ಹಳೆಯ ಕೈ ಕೇಳಬೇಕಲ್ಲ! ಎಲ್ಲ ಮುಗಿದ ಮೇಲೆ ದೇವರಿಗೆ ಕಣ್ಣು ಬರೆಯುವುದು ಅವರ ಪದ್ಧತಿ; ಕಣ್ಣು ತೆರೆದ ಮೇಲೆಯೇ ಮೂರ್ತಿ ದೇವರಾಗುವುದು. ಕೈ ತಾನಾಗಿ ಕಪ್ಪಿಗೆ ಹೋಗಿ ಗುಡ್ಡಕ್ಕೂ ಎರಡು ಕಣ್ಣು ಬರೆದುಬಿಟ್ಟಿತು. ಬೇಕೆಂದೇ ಬರೆದನೆಂದು ಕೆಲವರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ; ಅವನ ವಂಶದವರನ್ನು ಬಲ್ಲೆ, ಅಷ್ಟು ಜಾಣರಲ್ಲ.

'ಏನಲೇ ಇದು? ಅಳಿಸು!' ಎಂದು ನಾಯಕ ಗುಡುಗಿದ.

'ಧಣಿ, ಕಣ್ಣು ತೆರೆಸೋದು ನಮ್ಮಪ್ಪ ಕಲಿಸ್ಯಾನ. ಮುಚ್ಚಿಸೋದು ಕಲಿಸಿಲ್ಲ' ಎಂದ ನಾಗೋಜ.

ಅಷ್ಟರಲ್ಲಿ ತಿಪ್ಪವ್ವ ಆರತಿ ತಂದಾಗಿತ್ತು. ಕಣ್ಣು ತೆರೆದ ದೇವರಿಗೆ ಉಳಿ ಮುಟ್ಟಿಸಬಾರದೆಂದು ಕಲ್ಲುಕುಟಿಗರು ಸುತ್ತಿಗೆ ಕೆಳಗಿಟ್ಟರು. 'ಕಣ್ಣು ಬಂದಿದ್ದು ಗೋಡೆಯ ಗುಡ್ಡಕ್ಕೆ, ಹೊರಗಿನದಕ್ಕಲ್ಲ' ಎಂದು ನಾಯಕ ವಾದ ಹೂಡಿದ. 'ಪಟಕ್ಕೆ ಕೈಮುಗಿದರೆ ಯಾರಿಗೆ ಮುಗಿದಂಗೋ, ದಡ್ಡ?' ಎಂದಳು ತಾಯಿ. ಇನ್ನು ಯಾರಿಗೂ ಅನುಮಾನ ಬೇಡವೆಂದು ನಾಗೋಜ ಅಂದೇ ಗುಡ್ಡ ಹತ್ತಿ, ಬಂಡೆಯ ಮೇಲೂ ಕಣ್ಣು ಬರೆದು ಇಳಿದ.

ನಾಯಕ ಕೋಟೆಯನ್ನು ಮಣ್ಣಿನಲ್ಲಿ ಕಟ್ಟಿಸಿದ. ಇಂದು ಅದೊಂದು ದಿಬ್ಬ, ಮೇಲೆ ಆಡು ಮೇಯುತ್ತವೆ. ಗುಡ್ಡ ಮಾತ್ರ ಒಂದು ಚೂರೂ ಮುಕ್ಕಾಗಿಲ್ಲ. ನಾಗೋಜನ ಮನೆತನದವರು ವರ್ಷಕ್ಕೊಮ್ಮೆ ಬಂದು ಕಾಡಿಗೆ ತೀಡಿ ಹೋಗುತ್ತಾರೆ. ಮುಂಜಾನೆ ಚೊಂಬು ಹಿಡಿದು ಹೊರಟವರೂ, ಎಷ್ಟೇ ಅವಸರವಿರಲಿ, ಗುಡ್ಡದ ಬೆನ್ನ ಕಡೆಗೆ ಸುತ್ತಿಕೊಂಡೇ ಹೋಗುತ್ತಾರೆ.