ಸೀಸೆಯೊಳಗೆ ಸಾಧುವಾದ ವಿಷ

ಚರ್ಮ ಹದ ಮಾಡುವ ಕಾರ್ಖಾನೆಯ ಪಕ್ಕದ ಹೊಂಡದಲ್ಲಿ ಮೊಟ್ಟೆಯಿಡಲು ದಿನ ತುಂಬಿದ ಕಪ್ಪೆಯೊಂದಕ್ಕೆ ಭಯ. ನೀರಿನಲ್ಲಿರುವುದು ಅಷ್ಟೇನೂ ಕೆಡುಕು ಮಾಡದ ಹಸಿರು ಕ್ರೋಮಿಯಮ್ಮೋ, ವಿಷದ ಹಳದಿ ಕ್ರೋಮಿಯಮ್ಮೋ ತಿಳಿಯದೆ ಅದು ಪರೀಕ್ಷೆಯ ಸೀಸೆಯನ್ನು ಕರೆಸಿತು. ಸೀಸೆ ನೀರು ತುಂಬಿಕೊಂಡು, ಕೆಡದಿರಲೆಂದು ಎರಡು ಹನಿ ಆಮ್ಲ ಬೆರೆಸಿಕೊಂಡಿತು. ಆಮ್ಲವನ್ನು ಕಂಡದ್ದೇ ತಡ, ಹಳದಿ ಕ್ರೋಮಿಯಂ ಪೊಲೀಸರೆದುರಿನ ಪುಂಡನಂತೆ ತಲೆ ತಗ್ಗಿಸಿ ಹಸಿರಾಯಿತು.

"ಹೆದರಬೇಡಮ್ಮ, ಇರುವುದೆಲ್ಲ ಹಸಿರೇ," ಎಂದಿತು ಸೀಸೆ.

ಗಾಜಿನೊಳಗೆ ಬಣ್ಣ ಬದಲಾದದ್ದನ್ನು ಕಪ್ಪೆ ಕಂಡಿತ್ತು. "ಸ್ವಾಮಿ, ನಿಮ್ಮೊಳಗೆ ಆ ಹಳದಿಯವನು ಸಾಧುವೇ. ನನ್ನ ಮಕ್ಕಳು ಈಜಬೇಕಾದದ್ದು ಹೊಂಡದಲ್ಲಿ. ಅಲ್ಲಿ ಅವನ ಮುಂದೆ ಆಮ್ಲ ಹಿಡಿದು ನಿಲ್ಲುವವರು ಯಾರು?"

ಸೀಸೆ ಆಗಲೇ ಮುಚ್ಚಳ ಬಿಗಿದುಕೊಂಡಿತ್ತು.